ಅತ್ತೆಯ ಕೈಯಲ್ಲಿ ವಿಮಾನದ ಬಾಗಿಲು

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ಹೆಣ್ಣುಮಗಳು ನಮ್ಮತ್ತೆಯ ಎಲೆಯಡಿಕೆ ಚೀಲದಿಂದ ಅಡಕೊತ್ತನ್ನು ತೆಗೆದು ಪಕ್ಕಕ್ಕಿಟ್ಟಳು. ಇಂಥ ವಸ್ತುವಿನಿಂದ ವಿಮಾನಕ್ಕೆ ಅಪಾಯ ಎಂದಳು. ಅತ್ತೆಯ ಎರಡು ಕೈಗಳನ್ನು ಮಾತ್ರ ಹಾಗೇ ಒಳಗೆ ಬಿಟ್ಟಳು. ಆ ಕೈಗಳ ಸಂಗತಿ ನನಗೆ ಗೊತ್ತಿತ್ತು. ಆದರೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಅಫಜಲಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಿದ್ದೆ. ನನ್ನ ತವರು ಆಳಂದ, ಅತ್ತೆಯ ತವರು ಜೇವರ್ಗಿ. ಇಬ್ಬರೂ ಸೊಸೆಯಾಗಿ ಬಂದದ್ದು ಅಫಜಲಪುರದ ಒಂದೇ ಮನೆಗೆ. ಮದುವೆ, ಬಸುರಿಯ ಕುಬಸ, ತೊಟ್ಟಿಲು, ಸಾವು ಎಂದು ಈ ಮೂರು ಊರುಗಳ ನಡುವೆ ವರ್ಷವಿಡೀ ನಮ್ಮ ಓಡಾಟ. ಹೀಗಾಗಿ ಅತ್ತೆಯನ್ನು ನಾನು ಅಡಿಗೆಮನೆಗಿಂತ ಹೆಚ್ಚಾಗಿ ಬಸ್ಸಿನಲ್ಲೇ ಅರಿತುಕೊಂಡೆ. ಮನೆಯಲ್ಲಿ ಅವರು ಯಾರ ಗೊಡವೆಗೂ ಹೋಗದ ಹೆಂಗಸು. ನಾನು ರೊಟ್ಟಿ ಸುಟ್ಟು ಕರಿ ಮಾಡಿದರೂ "ಇರಲಿ ಬಿಡು, ಗಟ್ಟಿ ಇರ್ತಾವ" ಎನ್ನುವವರು. ಬಸ್ಸು ಹತ್ತಿದರೆ ಮಾತ್ರ ಬೇರೆಯೇ ಮನುಷ್ಯರು.

ಬಸ್ಸಿನಲ್ಲಿ ಅವರಿಗೆ ಬಾಗಿಲ ಪಕ್ಕದ ಸೀಟೇ ಆಗಬೇಕು. ಅಲ್ಲಿ ಯಾರಾದರೂ ಕೂತಿದ್ದರೆ ಎದುರಿಗೆ ನಿಂತು ಅವರನ್ನೇ ನೋಡುತ್ತಿದ್ದರು. ಎಂಥವರೂ ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಕೂತ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದರೆ ಮುಗಿಯಿತು, ಇಳಿಯುವ ಊರು ಬರುವ ತನಕ ಬಿಡುತ್ತಿರಲಿಲ್ಲ. ಎಲೆ ಹಾಕುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಚಿಲಕ ಗಟ್ಟಿಯಿದ್ದರೂ ಹಿಡಿಯುವರು. ಚಿಲಕ ಹೋಗಿ ಹಗ್ಗ ಕಟ್ಟಿದ್ದರೆ ಮೊದಲು ಅದನ್ನು ಬಿಚ್ಚಿ, ತಮ್ಮ ಕೈಯಿಂದ ಮತ್ತೆ ಕಟ್ಟಿ, ಆಮೇಲೆ ಹಿಡಿಯುವರು. ಕಂಡಕ್ಟರುಗಳಿಗೆ ಇದೆಲ್ಲ ರೂಢಿಯಾಗಿತ್ತು. "ಆಯಿ ಬಂದಾರ, ಬಾಗ್ಲದ ಚಿಂತಿ ಬಿಡ್ರಿ" ಎಂದು ಡ್ರೈವರಿಗೆ ಕೂಗಿ ಹೇಳಿ ಹಿಂದಕ್ಕೆ ಟಿಕೆಟು ಹರಿಯಲು ಹೋಗುತ್ತಿದ್ದರು.

ಬಾಗಿಲಿಗೆ ಜೋತು ಬೀಳುವ ಕಾಲೇಜು ಹುಡುಗರನ್ನು ಅತ್ತೆ ಎಡಗೈಯಿಂದ ಕಾಲರು ಹಿಡಿದು ಒಳಗೆಳೆಯುತ್ತಿದ್ದರು. "ನಿಮ್ಮವ್ವ ಮನ್ಯಾಗ ರೊಟ್ಟಿ ಬಡದಿಟ್ಟು ಹಾದಿ ನೋಡಾಕತ್ತಾಳ. ಒಳಗ ಬಾರಲೇ" ಎನ್ನುತ್ತಿದ್ದರು. ಒಮ್ಮೆ ಒಬ್ಬನ ಕಾಲರು ಹರಿದು ಕೈಗೇ ಬಂತು. ಹುಡುಗ ಜಗಳಕ್ಕೆ ನಿಂತ. ಅತ್ತೆ ಕಾಲರನ್ನು ಅವನ ಕೈಗೆ ಕೊಟ್ಟು, "ತಗೋ, ಕಾಲರಾದ್ರ ಹೊಲಿಲಾಕ ಬರ್ತದ" ಎಂದರು. ಇಂಥ ಹೊತ್ತಿನಲ್ಲಿ ನನ್ನ ಗಂಡ ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ ಕೂತು, ಈ ವರ್ಷ ಜೋಳದ ಬೆಳೆ ಹೇಗಿದೆ ಎಂದು ಕಿಟಕಿಯ ಹೊರಗೆ ನೋಡುತ್ತಿದ್ದ. ತಾಯಿ-ಮಗ ಎಂದು ಯಾರಿಗೂ ಗೊತ್ತಾಗಬಾರದು, ಅಷ್ಟು ದೂರ. ಪಕ್ಕದಲ್ಲಿ ಕೂರುವ ಪಾಳಿ ಸೊಸೆಯದು. ನನಗೆ ಸಿಟ್ಟು ಬರುತ್ತಿತ್ತು. ನನ್ನ ಶಾಲೆಯ ಮಕ್ಕಳ ತಾಯಂದಿರು ಅದೇ ಬಸ್ಸಿನಲ್ಲಿರುತ್ತಿದ್ದರು.

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ, ನಾನಿನ್ನೂ ಈ ಮನೆಗೆ ಬರುವ ಮುಂಚೆ, ಜೇವರ್ಗಿಯ ಮದುವೆಯೊಂದಕ್ಕೆ ಯಾರದೋ ಹಳೆಯ ಬಸ್ಸನ್ನು ಬಾಡಿಗೆಗೆ ತಂದಿದ್ದರು. ಬೀಗರೆಲ್ಲ ತುಂಬಿಕೊಂಡು ವಾಪಸು ಬರುವಾಗ ಅತ್ತೆಗೆ ಸಿಕ್ಕದ್ದು ಬಾಗಿಲ ಪಕ್ಕದ ಸೀಟು. ತೊಡೆಯ ಮೇಲೆ ಇನ್ನೂ ಸರಿಯಾಗಿ ಮಾತು ಬಾರದ ಮಗಳು. ಮದುವೆ ಮನೆಯಲ್ಲಿ ಹೋಳಿಗೆ ಲಟ್ಟಿಸಿ ಲಟ್ಟಿಸಿ ದಣಿದಿದ್ದರು. ಹೊಳೆಯ ಸೇತುವೆ ದಾಟುವಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದೇ ನಿದ್ದೆ ಹತ್ತಿತು. ಮುಂದಿನ ತಿರುವಿನಲ್ಲಿ ಬಾಗಿಲು ತೆರೆದುಕೊಂಡಿತು. ಎಚ್ಚರಾದಾಗ ತೊಡೆ ಖಾಲಿಯಿತ್ತು.

ಹುಡುಗಿ ಬಿದ್ದದ್ದು ಮಳೆಗೆ ನೆನೆದ ಎರೆ ಹೊಲದೊಳಗೆ; ಬದುಕಿದಳು. ಎಡಗಾಲಿನ ಎಲುಬು ಮಾತ್ರ ಕೂಡಿಕೊಳ್ಳುವಾಗ ತುಸು ಸೊಟ್ಟ ಕೂಡಿತು. ಆಕೆ ನಡೆಯುವುದನ್ನು ನೋಡಿದ ಹೊರಗಿನವರು, ಕಾಲಿಗೆ ಮುಳ್ಳು ಚುಚ್ಚಿರಬೇಕು ಅಂದುಕೊಳ್ಳುತ್ತಾರೆ. ಅತ್ತೆ ಈ ಬಗ್ಗೆ ನನ್ನ ಹತ್ತಿರ ಮಾತಾಡಿದ್ದು ಒಮ್ಮೆ ಮಾತ್ರ. ಬಸ್ಸನ್ನು ಬೈಯಲಿಲ್ಲ, ಡ್ರೈವರನನ್ನು ಬೈಯಲಿಲ್ಲ. "ನಾ ಮಲ್ಕೊಂಡಿದ್ದೆ" ಎಂದಷ್ಟೇ ಹೇಳಿ, ಮೊರದಲ್ಲಿದ್ದ ಜೋಳ ಹಸನು ಮಾಡುವುದನ್ನು ಮುಂದುವರಿಸಿದರು.

ಆ ಮಗಳು, ಅಂದರೆ ನನ್ನ ನಾದಿನಿ, ಮದುವೆಯಾಗಿ ದಿಲ್ಲಿಯಲ್ಲಿದ್ದಳು. ಗಂಡನಿಗೆ ಅಲ್ಲಿ ಸರಕಾರಿ ನೌಕರಿ. ಚೊಚ್ಚಲ ಬಸಿರು. ಹೆರಿಗೆಗೆ ತವರಿಗೆ ಬರಬೇಕಿತ್ತು, ಆದರೆ ಡಾಕ್ಟರು ಪ್ರಯಾಣವೇ ಬೇಡ ಎಂದಿದ್ದರು. ಅತ್ತೆಯೇ ಬಾಣಂತಿಗೆಂದು ಅಂಟಿನ ಉಂಡಿ, ಅಳವಿ, ಹಳೆಯ ಸೀರೆಯ ಮೆತ್ತನೆ ಬಟ್ಟೆ ಎಲ್ಲ ಗಂಟು ಕಟ್ಟಿಕೊಂಡು ರೈಲಿಗೆ ಹೋಗುವುದೆಂದು ಆಗಿತ್ತು. ಅಷ್ಟರಲ್ಲಿ ಒಂದು ಸಂಜೆ ಬಜಾರಿನ ಅಡತಿ ಅಂಗಡಿಗೆ ಫೋನು ಬಂತು. ಕೂಸು ಅಡ್ಡ ತಿರುಗಿದೆ, ನಾಡಿದ್ದು ಬೆಳಿಗ್ಗೆ ಆಪರೇಶನ್ ಎಂದು ಅಳಿಯ ಹೇಳಿದ. ಆಮೇಲೆ ನಾದಿನಿ ಅತ್ತೆಯೊಂದಿಗೆ ಮಾತಾಡಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಆ ಕಾಲದ ಫೋನಿನಲ್ಲಿ ಕೂಗಿಯೇ ಮಾತಾಡಬೇಕಿತ್ತು.

"ಅವ್ವಾ, ನನಗ ಮಲಗಿಸಿ ಕೊಯ್ತಾರಂತ. ನಾ ಮಲ್ಕೊಂಡಾಗ ಕೂಸಿಗಿ ಏನರ ಆದ್ರ? ನೀ ಬರೂತನಕ ನಾ ಒಳಗ ಹೋಗಂಗಿಲ್ಲ."

"ಬರ್ತೇನಿ" ಎಂದರು ಅತ್ತೆ. ಫೋನು ಇಟ್ಟ ಮೇಲೂ ಇನ್ನೊಮ್ಮೆ "ಬರ್ತೇನಿ" ಎಂದರು.

ರೈಲಿಗೆ ಹೋದರೆ ಹೊತ್ತಿಗೆ ಮುಟ್ಟುವುದಿಲ್ಲ ಎಂದು ಅಳಿಯ ಹೈದರಾಬಾದಿನಿಂದ ವಿಮಾನದ ಟಿಕೆಟು ಮಾಡಿಸಿದ. ಹಿಂದಿ ಬಲ್ಲವಳೆಂದು ಜೊತೆಗೆ ನಾನು ಹೊರಡಬೇಕಾಯಿತು. ಹೆರಿಗೆ ಕೆಲಸಕ್ಕೆ ಗಂಡಸರು ಯಾಕೆ ಎಂದು ನನ್ನ ಗಂಡ ಬಹಳ ವಿಚಾರ ಮಾಡಿದವನಂತೆ ಹೇಳಿದ. ಅವನ ಮುಖದ ನಿರಾಳ ನನಗೆ ಇಂದಿಗೂ ಕಣ್ಣ ಮುಂದಿದೆ. ಮಾರನೆ ದಿನ ಮೊದಲ ಬಸ್ಸಿಗೆ ಗುಲಬರ್ಗಾ, ಅಲ್ಲಿಂದ ರೈಲು. ರೈಲಿನ ಬೋಗಿಗೆ ಎರಡೂ ಕಡೆ ಬಾಗಿಲು ಇರುವುದರಿಂದ ಅತ್ತೆಗೆ ಹೈದರಾಬಾದಿನ ತನಕ ಬಹಳ ತ್ರಾಸಾಯಿತು.

ಸಂಜೆ ವಿಮಾನ ಹತ್ತುವ ಏಣಿಯ ಕೊನೆಯ ಮೆಟ್ಟಿಲ ಮೇಲೆ ಅತ್ತೆ ನಿಂತುಬಿಟ್ಟರು. ಹಿಂದಿನವರು ತಳ್ಳುತ್ತಿದ್ದರೂ ಬಾಗಿಲನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು, ಅದರ ದಪ್ಪವನ್ನು ಮುಟ್ಟಿ ನೋಡಿದರು. "ಬಾಗ್ಲ ಚಲೋ ಅದ" ಎಂದು ಒಳಗೆ ಬಂದರು. ನಮಗೆ ಸಿಕ್ಕ ಸೀಟು ನಡುಮಧ್ಯ, ಬಾಗಿಲಿನಿಂದ ದೂರ. ನಮ್ಮ ಮುಂದೆ ಸಫಾರಿ ಸೂಟಿನ ದಪ್ಪ ಮನುಷ್ಯನೊಬ್ಬ ಕೂತಿದ್ದ. ಹೊರಗೆಲ್ಲೋ ಕುಡಿದೇ ಬಂದಿದ್ದನೆಂದು ಕಾಣುತ್ತದೆ. ಗಗನಸಖಿಯನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದ, ತನ್ನ ಸೂಟ್‌ಕೇಸನ್ನು ಎಲ್ಲರೂ ಓಡಾಡುವ ದಾರಿಯಲ್ಲೇ ಇಟ್ಟು ತೆಗೆಯುವುದಿಲ್ಲ ಎನ್ನುತ್ತಿದ್ದ.

"ಬಾಗ್ಲ ಯಾರ್ ಹಿಡೀತಾರ?" ಅತ್ತೆ ಕೇಳಿದರು.

"ಯಾರೂ ಹಿಡಿಯಂಗಿಲ್ರಿ ಅತ್ತಿ. ತಾನೇ ಮುಚ್ಕೊಂಡಿರ್ತದ."

ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು. ನಾನು ಸೀಟಿನ ಪಟ್ಟಿ ಕಟ್ಟಿಕೊಡುವಾಗ ಅದನ್ನು ಬಿಚ್ಚುವುದು ಹೇಗೆಂದು ನೋಡಿಕೊಂಡಿದ್ದರು. ಮುಂದುಗಡೆ ಬಾಗಿಲು ಮುಚ್ಚಿದ ಸದ್ದು ಕೇಳಿದ್ದೇ ಪಟ್ಟಿ ಬಿಚ್ಚಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಸೂಟ್‌ಕೇಸನ್ನು ದಾಟಿದರು. ನಾನು "ಅತ್ತೀ, ಅತ್ತೀ" ಎಂದು ಹಿಂದೆ ಓಡಿದೆ. ಅಷ್ಟರಲ್ಲಿ ಅವರು ಬಾಗಿಲನ್ನು ಮುಟ್ಟಿ, ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದು, ಕಾಲು ಅಗಲಿಸಿ ಗಟ್ಟಿಯಾಗಿ ನಿಂತಾಗಿತ್ತು. ಅಲ್ಲೇ ಬಗ್ಗಿ ಏನೋ ಮಾಡುತ್ತಿದ್ದ ಗಗನಸಖಿ ತಲೆಯೆತ್ತಿ ನೋಡಿ ಚೀರಿದಳು.

ಆಮೇಲಿನದು ಬಹಳ ಗದ್ದಲ. ಮುದುಕಿ ಬಾಗಿಲು ತೆಗೆಯುತ್ತಿದ್ದಾಳೆ ಎಂದು ಯಾರೋ ಕೂಗಿದರು. ಸಫಾರಿ ಸೂಟಿನವನು ಸೀಟಿನ ಮೇಲೆ ಮಂಡಿಯೂರಿ ಎದ್ದು, ಇಂಥ ಹಳ್ಳಿಯವರನ್ನು ಒಳಗೆ ಬಿಟ್ಟವರು ಯಾರು, ಎಲ್ಲರನ್ನೂ ಕೊಲ್ಲುತ್ತಾಳೆ, ಈಗಲೇ ಕೆಳಗಿಳಿಸಿ ಎಂದು ಅಬ್ಬರಿಸಿದ. ಮುಂದಿನ ಕೋಣೆಯಿಂದ ಕ್ಯಾಪ್ಟನ್ ಹೊರಬಂದ. ಬಾಗಿಲ ತಂಟೆಗೆ ಹೋಗುವ ಪ್ರಯಾಣಿಕರನ್ನು ಹೊತ್ತುಕೊಂಡು ತಾನು ಹಾರುವುದಿಲ್ಲ, ಇಬ್ಬರನ್ನೂ ಇಳಿಸಿ ಎಂದು ಶಾಂತವಾಗಿ ಹೇಳಿದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮುಂದಿನ ವಿಮಾನ ಮರುದಿನದ್ದು. ಅಷ್ಟೊತ್ತಿಗೆ ಅಲ್ಲಿ ನಾದಿನಿ ಒಳಗೆ ಹೋಗುವುದಿಲ್ಲ ಎಂದು ಕೂತಿರುತ್ತಾಳೆ, ಅಥವಾ ತಾಯಿ ಬರಲಿಲ್ಲ ಎಂದು ಅಳುತ್ತ ಒಳಗೆ ಹೋಗಿರುತ್ತಾಳೆ.

"ಏನಂತಾರ?" ಎಂದು ಅತ್ತೆ ಕೇಳಿದರು. ಕೈ ಹಿಡಿಕೆಯ ಮೇಲೇ ಇತ್ತು.

"ನಮ್ಮನ್ನ ಇಳಸ್ತಾರಂತ್ರಿ."

"ಯಾಕ? ನಾ ಏನ್ ಮಾಡೀನಿ? ಮುಚ್ಚೇ ಹಿಡದೀನಲ್ಲ?"

ಅಲ್ಲಿದ್ದ ಒಬ್ಬರಿಗೂ ಈ ಸಂಗತಿ ಹೊಳೆದಿರಲಿಲ್ಲ. ಬಾಗಿಲಿನ ಹಿಡಿಕೆಗೆ ಕೈ ಹಾಕಿದವರು ತೆಗೆಯಲಿಕ್ಕೇ ಹಾಕಿರುತ್ತಾರೆ ಎಂದು ಓದಿದವರೆಲ್ಲ ಒಪ್ಪಿಕೊಂಡಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, ಬಸ್ಸಿನಲ್ಲಿ ಇಷ್ಟು ವರ್ಷ ಅತ್ತೆಯ ಮೇಲೆ ಬರುತ್ತಿದ್ದ ಸಿಟ್ಟೆಲ್ಲ ತಿರುಗಿ ಈ ಜನರ ಮೇಲೆ ಬಂತು. ಶಾಲೆಯಲ್ಲಿ ಕಲಿಸುವ ಹಿಂದಿ ನೆನಪಾಗಲಿಲ್ಲ. ಆಳಂದದ ಓಣಿಯಲ್ಲಿ ಚಿಕ್ಕಂದಿನಲ್ಲಿ ಕಲಿತ ದಖನಿ ಉರ್ದು ತಾನಾಗಿ ಬಾಯಿಗೆ ಬಂತು. ಮದುವೆಯ ಬಸ್ಸು, ತಿರುವು, ಎರೆ ಹೊಲ, ಸೊಟ್ಟ ಕಾಲು, ದಿಲ್ಲಿಯಲ್ಲಿ ನಾಳೆ ಬೆಳಿಗ್ಗೆ ಆಪರೇಶನ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಈಕೆ ಬಾಗಿಲು ತೆಗೆಯುವವರಲ್ಲ, ನಮ್ಮ ಕಡೆ ಬಾಗಿಲು ಮುಚ್ಚಿ ಹಿಡಿಯುವವರು ಇವರೊಬ್ಬರೇ ಎಂದೆ. ಸಫಾರಿ ಸೂಟಿನವನಿಗೆ ಬೇರೆಯಾಗಿ ಒಂದೆರಡು ಮಾತು ಹೇಳಿದೆ. ಅವನ್ನು ಶಾಲೆಯಲ್ಲಿ ಕಲಿಸುವುದಿಲ್ಲ.

ಕ್ಯಾಪ್ಟನ್ ಗಡಿಯಾರ ನೋಡಿಕೊಂಡ. ಚೀರಿದ್ದ ಗಗನಸಖಿ ಈಗ ಸುಧಾರಿಸಿಕೊಂಡಿದ್ದಳು. ಹುಡುಗಿಯಲ್ಲ, ಆ ಕೆಲಸದಲ್ಲಿ ಹಳಬಳೇ ಇರಬೇಕು. ಮೊದಲ ಸಾಲಿನಲ್ಲಿ ಎರಡು ಸೀಟು ಖಾಲಿ ಇವೆ, ಅವರು ನನ್ನ ಎದುರಿಗೇ ಕೂರಲಿ, ಜವಾಬ್ದಾರಿ ನನ್ನದು ಎಂದಳು. ಕ್ಯಾಪ್ಟನ್ ಅತ್ತೆಯ ಮುಖ ನೋಡಿದ. ಆಕೆ ಹಿಡಿಕೆ ಬಿಟ್ಟರೆ ಸರಿ, ಬಿಡದಿದ್ದರೆ ಇಳಿಸುವುದೇ ಎಂದು ಹೇಳಿ ಒಳಗೆ ಹೋದ. ಈಗ ಎಲ್ಲ ನಿಂತದ್ದು ಹಿಡಿಕೆ ಬಿಡುವುದರ ಮೇಲೆ. ಇಳಿಯುವ ಊರು ಬರುವ ಮುಂಚೆ ಅವರು ಬಿಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಗಗನಸಖಿ ತಿಳಿಸಿ ಹೇಳಿದಳು. ವಿಮಾನ ಮೇಲೆ ಹೋದ ಮೇಲೆ ಒಳಗಿನ ಗಾಳಿ ಬಾಗಿಲನ್ನು ಒತ್ತಿ ಹಿಡಿಯುತ್ತದೆ, ಪೈಲವಾನರು ಬಂದು ಎಳೆದರೂ ತೆರೆಯುವುದಿಲ್ಲ ಎಂದಳು. ನಾನು ಕನ್ನಡ ಮಾಡಿ ಹೇಳಿದೆ.

"ಗಾಳಿನ ನಂಬಿ ಕೂಡಬೇಕೇನು?" ಎಂದರು ಅತ್ತೆ.

ಗಗನಸಖಿ ನೆಲ ತೋರಿಸಿ, ತಾನು ಇಲ್ಲಿ ಒಂದು ಸರಳು ಸಿಕ್ಕಿಸುವುದಿದೆ, ಅದಕ್ಕೂ ಇವರು ಜಾಗ ಬಿಡುತ್ತಿಲ್ಲ ಎಂದಳು. ನಾನು ಅದನ್ನು ನಮ್ಮ ಭಾಷೆಗೆ ತಂದೆ: "ಅತ್ತೀ, ಅಕಿ ಬಾಗ್ಲ ಕಟ್ಟತಾಳಂತ. ಸ್ವಲ್ಪ ಸರೀರಿ." ಅತ್ತೆ ಒಂದು ಹೆಜ್ಜೆ ಸರಿದರು. ಗಗನಸಖಿ ಬಗ್ಗಿ, ಬಾಗಿಲ ಕೆಳಗಿನ ಸರಳನ್ನು ನೆಲದ ಕೊಂಡಿಗೆ ಕೂರಿಸಿ, ಎಳೆದು ನೋಡಿದಳು, ಮತ್ತೊಮ್ಮೆ ಎಳೆದು ನೋಡಿದಳು. ಅತ್ತೆಯ ಕಣ್ಣು ಅವಳ ಕೈಯ ಮೇಲಿತ್ತು. "ಅತ್ತಾಗಿಂದು?" ಎಂದು ಎದುರಿನ ಬಾಗಿಲನ್ನು ತೋರಿಸಿದರು. ಅದನ್ನೂ ಎಳೆದು ತೋರಿಸಿದಳು. ಆ ಸರಳು ಬಾಗಿಲು ಬಿಗಿಯುವುದಕ್ಕಲ್ಲ, ಅಪಾಯದಲ್ಲಿ ಜಾರಿ ಇಳಿಯುವ ರಬ್ಬರಿನ ಚೀಲ ಬಿಚ್ಚಿಕೊಳ್ಳಲೆಂದು ಎಂಬುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಆಗಲೇ ತಿಳಿದಿದ್ದರೂ ಅನುವಾದವನ್ನು ಬದಲಿಸುತ್ತಿರಲಿಲ್ಲ.

ಅತ್ತೆ ಮೊದಲ ಸಾಲಿನಲ್ಲಿ ಬಂದು ಕೂತರು. ಬಲಗೈ ಮಾತ್ರ ಖಾಲಿ ಮುಷ್ಟಿ ಬಿಗಿದುಕೊಂಡೇ ಇತ್ತು.

ವಿಮಾನ ಓಡತೊಡಗಿದಾಗ ಗಗನಸಖಿ ಬಾಗಿಲ ಪಕ್ಕದ ಗೋಡೆಯಿಂದ ಮಡಚುವ ಸೀಟೊಂದನ್ನು ಎಳೆದು, ನಮ್ಮ ಕಡೆ ಮುಖ ಮಾಡಿ ಕೂತಳು. ಹೆಗಲ ಮೇಲಿನಿಂದ ಎರಡು ಪಟ್ಟಿ ಬಿಗಿದುಕೊಂಡಳು. ಬಾಗಿಲನ್ನೊಮ್ಮೆ ನೋಡಿದಳು, ನಮ್ಮನ್ನೊಮ್ಮೆ ನೋಡಿದಳು. ಬೆನ್ನು ನೆಟ್ಟಗೆ, ಮಾತಿಲ್ಲ, ಕಣ್ಣು ಮುಚ್ಚುವುದಿಲ್ಲ. ಆ ಕೂರುವ ರೀತಿಯನ್ನು ನಾನು ಎಷ್ಟೋ ಬಸ್ಸುಗಳಲ್ಲಿ ನೋಡಿದ್ದೆ. ವಿಮಾನ ನೆಲ ಬಿಟ್ಟಿತು. ನಾನು ಸೀಟು ಹಿಡಿದೆ. ಅತ್ತೆಗೆ ಅದರ ಪರಿವೆಯೇ ಇರಲಿಲ್ಲ.

"ಅಕಿ ಯಾಕ ಅಲ್ಲಿ ಕುಂತಾಳ?"

"ಬಾಗ್ಲ ನೋಡ್ಕೊಳ್ಳಾಕರಿ. ಏರುವಾಗ, ಇಳಿಯುವಾಗ ಅಕಿ ಅಲ್ಲೇ ಕೂಡಬೇಕು."

"ದಿನಾಲೂ?"

"ದಿನಾಲೂ."

ಅತ್ತೆ ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ, ಸಾವಿನ ಮನೆಯಲ್ಲಿ ಮಾತಾಡುವಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ಅಕಿನ್ನ ಕೇಳು, ಅಕಿದು ಯಾರ್ ಬಿದ್ದಿದ್ರು ಅಂತ."

ಅತ್ತೆ ಮೊಣಕೈಯಿಂದ ತಿವಿದರು. ಕೇಳಿದೆ. ಗಗನಸಖಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅತ್ತೆಯ ಮುಖ ನೋಡಿದಳು. ಯಾರೂ ಬಿದ್ದಿಲ್ಲ ಮಾತಾಜಿ, ಇದು ನನ್ನ ಕೆಲಸ ಎಂದಳು.

"ಯಾರೂ ಬಿದ್ದಿಲ್ಲಂತ್ರಿ. ಅಕಿ ಕೆಲಸಾನೇ ಇದಂತ."

"ಯಾರೂ ಬೀಳೂಕಿಂತ ಮೊದ್ಲೇ ಕುಂತಾಳ?" ಅತ್ತೆ ತಮ್ಮಷ್ಟಕ್ಕೇ ಹೇಳಿಕೊಂಡರು. ಅವರ ಮುಖದಲ್ಲಿ ಹೊಟ್ಟೆಕಿಚ್ಚಿನಂಥದೊಂದು ಬಂದು ಹೋಯಿತು. "ಶಾಣ್ಯಾಕಿ ಇದ್ದಾಳ."

ಆಮೇಲೆ ಕಾಲು ಮೇಲಕ್ಕೆಳೆದು ಸೀಟಿನ ಮೇಲೆ ಚಕ್ಕಳ ಬಕ್ಕಳ ಹಾಕಿಕೊಂಡರು. ಸೊಂಟದಿಂದ ಸೆರಗು ಬಿಡಿಸಿ ಹೊದ್ದುಕೊಂಡರು. ಮುಷ್ಟಿ ಬಿಚ್ಚಿತು. ತಲೆ ನನ್ನ ಹೆಗಲಿಗೆ ಬಂತು. ನಮ್ಮತ್ತೆ ಗಾಡಿಯೊಂದರೊಳಗೆ ನಿದ್ದೆ ಹೋಗಿದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಅಳು ಬಂತು. ಎದುರಿಗೆ ಗಗನಸಖಿ ನೋಡುತ್ತಿದ್ದಳೆಂದು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಅವರು ಎದ್ದದ್ದು ದಿಲ್ಲಿಯ ನೆಲಕ್ಕೆ ಚಕ್ರ ತಾಗಿದಾಗ. ವಿಮಾನ ಇನ್ನೂ ಓಡುತ್ತಿರುವಾಗಲೇ ಸಫಾರಿ ಸೂಟಿನವನು ಸೂಟ್‌ಕೇಸು ಎಳೆದುಕೊಂಡು ಬಾಗಿಲ ಕಡೆ ಬಂದ. ಗಗನಸಖಿ ಪಟ್ಟಿ ಬಿಗಿದುಕೊಂಡು ಕೂತಲ್ಲಿಂದಲೇ, ಕೂತುಕೊಳ್ಳಿ, ಕೂತುಕೊಳ್ಳಿ ಎಂದು ಕೂಗಿದಳು. ಅವನು ಕೇಳಲಿಲ್ಲ. ಅತ್ತೆ ಎಡಗೈ ಚಾಚಿ ಅವನ ಸಫಾರಿಯ ಅಂಚು ಹಿಡಿದರು.

"ಕುಂದರಲೇ! ಗಾಡಿ ಇನ್ನಾ ನಿಂತಿಲ್ಲ. ಅಕಿ ಹೇಳಾಕತ್ತಾಳ, ಕಿವಿ ಕೇಳಂಗಿಲ್ಲೇನು?"

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಕೂತ, ಖಾಲಿ ಸೀಟು ಹುಡುಕದೆ ಸೂಟ್‌ಕೇಸಿನ ಮೇಲೆಯೇ ಕೂತ. ಇಳಿಯುವಾಗ ಅತ್ತೆ ಗಂಟು ಬಿಚ್ಚಿ ಗಗನಸಖಿಗೆ ಒಂದು ಅಂಟಿನ ಉಂಡಿ ಕೊಟ್ಟರು. ದಿನಾ ಹಾಗೆ ನೆಟ್ಟಗೆ ಕೂತರೆ ನಡ ನೋಯುತ್ತದೆ, ತಿನ್ನು ಎಂದು ಹೇಳಿಸಿದರು. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾದಿನಿಯನ್ನು ಗಾಲಿ ಮಂಚದ ಮೇಲೆ ಮಲಗಿಸಿ ಆಪರೇಶನ್ ಕೋಣೆಯ ಬಾಗಿಲ ತನಕ ತಂದಿದ್ದರು. ಅವಳು ತಾಯಿಯ ಕೈಯನ್ನು ಬಿಡುತ್ತಿರಲಿಲ್ಲ. ನರ್ಸಿಗೆ ಅವಸರ.

"ಅವ್ವಾ, ವಿಮಾನದಾಗ ಬಾಗ್ಲ ಹಿಡ್ಕೊಂಡೇ ಬಂದೇನು?" ಎಂದು ನಾದಿನಿ ಕೇಳಿದಳು. ಅಳುತ್ತಲೇ ನಗಲು ನೋಡುತ್ತಿದ್ದಳು.

"ಇಲ್ಲವ್ವಾ. ಒಬ್ಬಾಕಿ ಹಿಡ್ಕೊಂಡು ಕುಂತಿದ್ಳು. ನಾ ಮಲ್ಕೊಂಡಿದ್ದೆ."

ನಾದಿನಿಯ ನಗು ನಿಂತಿತು. ತಾಯಿಯ ಮುಖವನ್ನು ನೋಡಿದಳು. ನಮ್ಮ ಮನೆಯಲ್ಲಿ ಆ ಮಾತಿಗಿದ್ದ ತೂಕ ಅವಳ ಕಾಲಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

"ಮಲ್ಕೊ" ಎಂದರು ಅತ್ತೆ. "ಹಿಡಿಯೋರು ಇರ್ತಾರ."

ಅವಳು ಕೈ ಬಿಟ್ಟಳು. ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಉದ್ದನೆಯ ಹಿತ್ತಾಳೆ ಹಿಡಿಕೆಯ ಜೋಡಿ ಬಾಗಿಲು. ಅತ್ತೆ ಅದನ್ನು ಮುಟ್ಟಲಿಲ್ಲ. ಎದುರಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಪಕ್ಕದಲ್ಲಿ ಕೂತೆ. ಅಳಿಯ ಅತ್ತಿಂದಿತ್ತ ಓಡಾಡುತ್ತಿದ್ದ.

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ನರ್ಸು ಹೊರಬಂದಳು. ಕೈಯಲ್ಲಿ ನಮ್ಮತ್ತೆಯ ಹಳೆಯ ಸೀರೆಯ ಬಟ್ಟೆಯಲ್ಲಿ ಸುತ್ತಿದ ಕೂಸು. ಹೆಣ್ಣು ಎಂದಳು. ಅತ್ತೆ ಕೂಸನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ನನ್ನ ಮಗಳು ಎದ್ದಾಳೇನು, ಕೇಳು."

ಕೇಳಿದೆ. ಚೆನ್ನಾಗಿದ್ದಾಳೆ, ಇನ್ನೂ ನಿದ್ದೆಯಲ್ಲಿದ್ದಾಳೆ ಎಂದಳು ನರ್ಸು.

"ಮಲಗಲಿ" ಎಂದು ಅತ್ತೆ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಕೂಸು ನನ್ನ ಕೈಯಾಗ ಕೊಡ್ರಿ."